ಬೆಲೆಯೂ ಬೆಳೆಯೂ

ಈಶ್ವರಮಂಗಲದ ಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ತುಸು ಹೊತ್ತಿನಲ್ಲಿಯೇ ಅಡಿಕೆ ತೋಟದ ನೆರಳು ದೊರೆಯುತ್ತದೆ. ತಗ್ಗಿನಲ್ಲಿ ಅಡಿಕೆ, ಗುಡ್ಡದಲ್ಲಿ ರಬ್ಬರು, ಗೇರು. ಆಚೆಗೆ ಕಾಸರಗೋಡಿನ ಗಡಿ. ಮಳೆಯೂ ಮಣ್ಣೂ ಇಷ್ಟು ಉದಾರವಾಗಿರುವ ಊರಿನವರು ಬಡತನದ ಮಾತೆತ್ತಿದರೆ ಬಯಲುಸೀಮೆಯವರು ನಕ್ಕಾರು. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡದು: ನಮ್ಮ ಕೈ ಸೇರಿದ ಹಣದಲ್ಲಿ ದುಡಿಮೆಯ ಬಲದಿಂದ ಬಂದುದೆಷ್ಟು, ಧಾರಣೆಯ ದಯೆಯಿಂದ ಬಂದುದೆಷ್ಟು?

ಅರ್ಥಶಾಸ್ತ್ರಜ್ಞರ ‘ಉತ್ಪಾದಕತೆ’ಯನ್ನು ನಮ್ಮ ಹಿರಿಯರ ‘ಹುಟ್ಟುವಳಿ’ಯಲ್ಲಿ ಹುಡುಕಿದರೆ ಅರ್ಧವಷ್ಟೇ ಸಿಕ್ಕೀತು. ಹುಟ್ಟುವಳಿ ತೋಟದ ಲೆಕ್ಕ. ಉತ್ಪಾದಕತೆ ಒಬ್ಬ ಆಳಿನ ಒಂದು ದಿನದ ಲೆಕ್ಕ. (ಸರಿಯಾದ ಪದವಿಲ್ಲವೆಂದು ಕನ್ನಡ ಅಧ್ಯಾಪಕನಾದ ನಾನು ಯಾರನ್ನು ದೂರಲಿ!)

ನೆಲದ ಸಂಪತ್ತೊಂದೇ ಸಾಲದೆಂಬುದಕ್ಕೆ ಕೋಲಾರ ಸಾಕ್ಷಿ. ಅಲ್ಲಿನ ಚಿನ್ನದ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. 2001ರಲ್ಲಿ ಗಣಿ ಮುಚ್ಚಿತು. ಊರಿಗುಳಿದದ್ದು ಸಯನೈಡಿನ ಮಣ್ಣುದಿಬ್ಬಗಳು, ಕೆಲಸಕ್ಕಾಗಿ ದಿನವೂ ಬೆಂಗಳೂರಿನ ರೈಲು ಹತ್ತುವ ಜನ. ವಿದ್ಯುತ್ತಾದರೋ 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕಾಯಿತು, ಬಳಿಕ ಕಾರ್ಖಾನೆಗಳಿಗೆ ಶಕ್ತಿಯಾಯಿತು. ನೆದರ್ಲೆಂಡ್ಸಿನಲ್ಲಿ 1959ರಲ್ಲಿ ನೆಲದಡಿಯ ಅನಿಲ ದೊರೆತ ಮೇಲೆ ಇತರ ಕೈಗಾರಿಕೆಗಳು ಸೊರಗಿದುದನ್ನು ಕಂಡು 1977ರಲ್ಲಿ ಒಂದು ಪತ್ರಿಕೆ ಅದಕ್ಕೆ ‘ಡಚ್ ವ್ಯಾಧಿ’ಯೆಂದೇ ಹೆಸರಿಟ್ಟಿತು.

ನಮ್ಮ ಸೀಮೆಯ ಕಥೆಯಲ್ಲಿ ಒಂದು ವಿಚಿತ್ರವಿದೆ. ಅಡಿಕೆಯ ಧಾರಣೆ ಕುಸಿದು ಕಂಗೆಟ್ಟಾಗ, 1973ರಲ್ಲಿ, ಕ್ಯಾಂಪ್ಕೊ ಹುಟ್ಟಿತು. ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರ ಬಳಲಿದ ಮೇಲೆ, 1986ರಲ್ಲಿ, ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆಯಿತು. ಬುದ್ಧಿ ಬಂದುದೆಲ್ಲ ಕೆಟ್ಟ ಕಾಲದಲ್ಲಿ! 2021ರಲ್ಲಿ ಧಾರಣೆ ಕಿಲೋವಿಗೆ 500 ರೂಪಾಯಿ ದಾಟಿತಲ್ಲ, ಆಗ ನಾವು ಮಾಡಿದ್ದೇನು? ಗುಡ್ಡದ ನೆತ್ತಿಗೂ ಅಡಿಕೆ ಸಸಿ ನೆಟ್ಟೆವು. ನಮ್ಮ ಮನೆಯ ಹಣವೂ ಕೊಳವೆಬಾವಿಗೆ, ಮಾಳಿಗೆಗೆ ಹೋಯಿತು. ನೆಲದಲ್ಲಿ ನಿಂತೇ ಬೋರ್ಡೋ ದ್ರಾವಣ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ನಮ್ಮಲ್ಲಿಗೆ ಬಂದುದು, ಮರ ಹತ್ತುವವರು ಸಿಗದೆ ಕೊಳೆರೋಗಕ್ಕೆ ಅರ್ಧ ಫಸಲು ಉದುರಿದ ಮರುವರ್ಷ. ಒಬ್ಬನ ಒಂದು ದಿನದ ಕೆಲಸವನ್ನು ಹಿಗ್ಗಿಸಿದ್ದು ಅದೊಂದೇ.

ನೆರೆಯ ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾಗುತ್ತಿವೆ. ಮದ್ದಿಲ್ಲದ ರೋಗ, ಅದನ್ನು ತಾಳಬಲ್ಲ ಮರಗಳನ್ನು ಆರಿಸಿ ಸಸಿಯೆಬ್ಬಿಸುವುದು ವರ್ಷಗಳ ಕೆಲಸ. ಬೆಲೆ ಮೇಲಿರುವಾಗಲೇ ಕಿಲೋವಿಗೊಂದು ರೂಪಾಯಿಯನ್ನು ಅದಕ್ಕೆ ಎತ್ತಿಡೋಣವೆಂದು ಬೆಳೆಗಾರರ ಸಭೆಯೊಂದರಲ್ಲಿ ಹೇಳಿದೆ. “ಮಾಷ್ಟ್ರು ಪಂಪನನ್ನು ಪಾಠ ಮಾಡಲಿ” ಎಂದರು ಯಾರೋ. ಸಭೆ ನಕ್ಕಿತು; ಮಾತು ಆ ದಿನದ ಧಾರಣೆಯ ಕಡೆಗೆ ತಿರುಗಿತು.