ಶಾಲೆಗಳ ಯಶಸ್ಸೂ ನಮ್ಮ ಕರ್ತವ್ಯವೂ

ಹತ್ತನೆಯ ಇಯತ್ತೆಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ ನಮ್ಮ ನಾಡಿನ ಊರೂರಿನಲ್ಲಿಯೂ ಹಬ್ಬದ ಸಂಭ್ರಮವಿರುವದು. ಗೆದ್ದ ಮಕ್ಕಳ ಕೊರಳಿಗೆ ಹಾರ, ಬಾಯಿಗೆ ಪೇಢೆ, ಶಾಲೆಯ ಬಾಗಿಲಿಗೆ ಅವರ ಭಾವಚಿತ್ರದ ಫಲಕ! ಇದನ್ನು ಯಾರೂ ಆಕ್ಷೇಪಿಸಲಾರರು. 2024ರಲ್ಲಿ ಬಾಗಲಕೋಟೆ ಜಿಲ್ಲೆಯ ಸರಕಾರಿ ವಸತಿ ಶಾಲೆಯೊಂದರ ಬಾಲಿಕೆಯು 625ಕ್ಕೆ 625 ಅಂಕ ಪಡೆದು ಇಡೀ ರಾಜ್ಯಕ್ಕೆ ಮೊದಲಿಗಳಾದಳು. ಸರಕಾರಿ ಶಾಲೆಯೆಂದರೆ ಮೂಗು ಮುರಿಯುವವರಿಗೆ ಇದಕ್ಕಿಂತ ಸರಿಯಾದ ಉತ್ತರ ಬೇರೆ ಬೇಕಿಲ್ಲ.

ಆದರೆ ವಾಚಕರೇ, ಅದೇ ಫಲಿತಾಂಶದ ಪಟ್ಟಿಯ ಕೊನೆಯ ಸಾಲನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಆ ವರ್ಷ ಉಡುಪಿ ಜಿಲ್ಲೆಯಲ್ಲಿ ನೂರಕ್ಕೆ 94 ಮಕ್ಕಳು ತೇರ್ಗಡೆಯಾದರು, ಯಾದಗಿರಿಯಲ್ಲಿ 50.59 ಮಾತ್ರ. ಮರುವರ್ಷ, ಅಂದರೆ 2025ರಲ್ಲಿ, ದಕ್ಷಿಣ ಕನ್ನಡವು 91.12ರಿಂದ ಮೊದಲ ಸ್ಥಾನದಲ್ಲಿಯೂ ಕಲಬುರಗಿಯು 42.43ರಿಂದ ಕಡೆಯ ಸ್ಥಾನದಲ್ಲಿಯೂ ನಿಂತವು. ಒಂದೇ ಭಾಷೆ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನಪತ್ರಿಕೆ. ಹೀಗಿದ್ದೂ ಒಂದು ಜಿಲ್ಲೆಯಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ದಡ ಸೇರಿದರೆ, ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡುನೀರಿನಲ್ಲಿ ಉಳಿದರು. 1956ರ ನವೆಂಬರ 1ರಂದು ನಕ್ಷೆಯ ಮೇಲೆ ಒಂದಾದ ನಾಡು ಶಾಲೆಯ ಕೋಣೆಯಲ್ಲಿ ಇನ್ನೂ ಒಂದಾಗಿಲ್ಲವೆಂದು ಹೇಳದೆ ಗತಿಯಿಲ್ಲ.

ಇನ್ನೊಂದು ಸಂಗತಿಯೂ ಲಕ್ಷ್ಯಕ್ಕೆ ತರತಕ್ಕದ್ದಾಗಿದೆ. 2023ರಲ್ಲಿ ರಾಜ್ಯದ ಫಲಿತಾಂಶವು ನೂರಕ್ಕೆ 83.89 ಆಗಿತ್ತು. ಮುಂದಿನ ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕ್ಯಾಮರಾ ಇರಿಸಿ ದೂರದಿಂದಲೇ ನೋಡುವ ವ್ಯವಸ್ಥೆಯಾಯಿತು. ಕೂಡಲೆ ಅದು 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹತ್ತರಿಂದ ಇಪ್ಪತ್ತು ಪ್ರತಿಶತಕ್ಕೆ ಏರಿಸಿದ ಮೇಲೆ! ಹಾಗಾದರೆ ಹಿಂದಿನ ವರ್ಷಗಳಲ್ಲಿ ನಾವು ಹಾಕಿದ ಹಾರಗಳಲ್ಲಿ ಎಷ್ಟು ನಿಜವಾದ ವಿದ್ಯೆಗೆ ಸಂದವು? ಕ್ಯಾಮರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ನಾವು ಮುಚ್ಚಿಟ್ಟುಕೊಂಡಿದ್ದನ್ನು ತೆರೆದು ತೋರಿಸಿತು, ಅಷ್ಟೆ.

ಇಷ್ಟಕ್ಕೇ ಆ ಭಾಗದ ಮಾಸ್ತರರನ್ನು ಹಳಿಯುವವರು ಸಿದ್ಧರಾಗಿರುವರು. ಅವರಿಗೆ ನಮ್ಮ ಉತ್ತರವಿದು. 1948ರ ಸಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿ ಮೇಲಿನ ವಿದ್ಯೆಯ ಮಾಧ್ಯಮವು ಉರ್ದುವಾಗಿತ್ತು. ಕನ್ನಡ ಮಕ್ಕಳಿಗೆ ತಾಯಿನುಡಿಯ ಶಾಲೆಯೇ ದುರ್ಲಭವಾಗಿತ್ತು. ಅದೇ ಕಾಲಕ್ಕೆ ಕರಾವಳಿಯಲ್ಲಿ ಶಾಲೆಗಳು ಬೇರೂರಿ ನೂರು ವರ್ಷಗಳಾಗಿದ್ದವು. ಬೇರು ಎಷ್ಟು ಆಳವೋ ಫಲ ಅಷ್ಟು. 2011ರ ಜನಗಣತಿಯಲ್ಲಿಯೂ ದಕ್ಷಿಣ ಕನ್ನಡದ ಸಾಕ್ಷರತೆ 88.57, ಯಾದಗಿರಿಯದು 51.83, ರಾಜ್ಯದಲ್ಲಿಯೇ ಒಂದು ಅತಿ ಮೇಲಿನದು, ಇನ್ನೊಂದು ಅತಿ ಕೆಳಗಿನದು. ಅಕ್ಷರವರಿಯದ ತಾಯ್ತಂದೆಗಳು, ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗುವ ಮಕ್ಕಳು, ದುಡಿಮೆಗಾಗಿ ಬೆಂಗಳೂರು ಪುಣೆಗಳಿಗೆ ಗುಳೆ ಹೋಗುವ ಮನೆಗಳು, ಖಾಲಿ ಉಳಿದ ಶಿಕ್ಷಕರ ಹುದ್ದೆಗಳು: ಇವೆಲ್ಲವನ್ನೂ ಒಬ್ಬ ಮಾಸ್ತರನ ತಲೆಗೆ ಕಟ್ಟುವದು ನ್ಯಾಯವಲ್ಲ. ಸಂವಿಧಾನದ 371ಜೆ ವಿಧಿಯಿಂದ ಆ ಭಾಗಕ್ಕೆ ವಿಶೇಷ ಸ್ಥಾನ ದೊರೆತಿರುವದು ನಿಜ; ಆದರೆ ವಿಧಿಯು ಪಾಠ ಹೇಳಲಾರದು. ಪಾಠ ಹೇಳುವವನು ಬೇಕು.

ಹಾಗಾದರೆ ಪಟ್ಟಣಿಗರೂ ಶಿಕ್ಷಕರೂ ಮಾಡತಕ್ಕದ್ದೇನು? ಶಾಲೆಯ ವರ್ಷವು ಉತ್ಸವಗಳ ಮಾಲೆಯಾಗಿದೆ. ಜೂನಿನ ಹೊತ್ತಿಗೆ ಪ್ರಾರಂಭೋತ್ಸವ, ಆ ಮೇಲೆ ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಏರುವ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ನವೆಂಬರದಲ್ಲಿ ಮಕ್ಕಳ ದಿನ, ವಾರ್ಷಿಕ ಸ್ನೇಹಸಮ್ಮೇಳನ, ಕಡೆಗೆ ಪರೀಕ್ಷೆ. ಇವುಗಳಿಗೆ ನಾವು ಅತಿಥಿಗಳಾಗಿ ಹೋಗಿ, ಶಾಲು ಹೊದ್ದು, ಭಾಷಣ ಕೇಳಿ ಮರಳುತ್ತೇವೆ. ಇನ್ನು ಮೇಲೆ ಹಾಗಾಗದಿರಲಿ. ಸ್ನೇಹಸಮ್ಮೇಳನದಲ್ಲಿ ಬಹುಮಾನ ಹಂಚುವ ಮೊದಲು ಮುಖ್ಯಾಧ್ಯಾಪಕರು ನಾಲ್ಕು ಅಂಕೆಗಳನ್ನು ಓದಲಿ: ಎಂಟನೆಯ ಇಯತ್ತೆಗೆ ಸೇರಿದವರೆಷ್ಟು, ಹತ್ತನೆಯದಕ್ಕೆ ಬಂದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು, ಗೆದ್ದವರೆಷ್ಟು. ಯಾಕಂದರೆ ನಡುವೆ ಶಾಲೆ ಬಿಟ್ಟ ಮಗು ಯಾವ ಪ್ರತಿಶತದ ಲೆಕ್ಕದಲ್ಲಿಯೂ ಸೇರುವದಿಲ್ಲ. ಅದು ಸೋತಿತೆಂಬುದು ಕೂಡ ಯಾರಿಗೂ ತಿಳಿಯುವದಿಲ್ಲ.

ಸಂತೋಷದ ದಿನ ಈ ಕಹಿ ಯಾಕೆ, ಸೋತ ಮಕ್ಕಳಿಗೆ ಇದರಿಂದ ಅವಮಾನವಾಗದೆ, ಎಂದು ಕೆಲವರು ಕೇಳುವರು. ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಅಂಕೆಯು ಮಗುವಿನ ಅವಮಾನವಲ್ಲ, ಊರಿನ ಲೆಕ್ಕ. ಲೆಕ್ಕ ಗೊತ್ತಾದರಲ್ಲವೇ ಋಣ ತೀರಿಸುವ ಮಾತು? 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಸಾರಿ ಪರೀಕ್ಷೆಗೆ ಕೂಡ್ರುವ ಅನುಕೂಲವಾಯಿತು. ಮೊದಲನೆಯದರಲ್ಲಿ ಎಡವಿದ ಮಗುವಿಗೆ ಎರಡನೆಯದಕ್ಕಿರುವ ಕೆಲವೇ ವಾರಗಳು ಅಮೂಲ್ಯ. ಆಗ ಊರಿನ ಸಮುದಾಯ ಭವನದ ಬಾಗಿಲು ತೆರೆದು, ಗಣಿತ ಬಲ್ಲ ಒಬ್ಬ ವಕೀಲ, ಇಂಗ್ಲಿಷ್ ಬಲ್ಲ ಒಬ್ಬ ನಿವೃತ್ತ ಗುಮಾಸ್ತ ದಿನಕ್ಕೆ ಒಂದು ತಾಸು ಕುಳಿತರೆ ಸಾಕು. ಖಾಲಿ ಹುದ್ದೆಗಳ ವಿಷಯದಲ್ಲಿ ಶಾಲಾಭಿವೃದ್ಧಿ ಸಮಿತಿಯವರು ಅಧಿಕಾರಿಗಳ ಬೆನ್ನು ಬಿಡದಿರಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದಾಗ ಅವರ ಕೈಯಲ್ಲಿ ಇಂದಿನ ಸಾಧನಗಳಾವವೂ ಇರಲಿಲ್ಲ. ನಾಡಿನ ಮಕ್ಕಳು ತನ್ನ ಮಕ್ಕಳೆಂಬ ಅಭಿಮಾನ ಮಾತ್ರ ಇತ್ತು. ಮೊದಲಿಗರಿಗೆ ಹಾರ ಹಾಕುವ ಕೈ ಕಡೆಯವರ ಕೈಯನ್ನೂ ಹಿಡಿಯಲಿ. ಬರುವ ಫಲಿತಾಂಶದ ದಿನ ಪಟ್ಟಿಯನ್ನು ಕೆಳಗಿನಿಂದ ಓದಲು ತೊಡಗೋಣ. ನಾಡಾಭಿಮಾನದ ನಿಜವಾದ ಪರೀಕ್ಷೆ ಅಲ್ಲಿಯೇ ಇದೆ.