ನಿಧಿ ಹುಡುಕುವ ಆಟ ಆಡೋಣ, ಹಾರೆ ಗುದ್ದಲಿ ಬೇಡ

ವಿಜಯಪುರಕ್ಕೆ ನಾವೆಲ್ಲ ಎಷ್ಟು ಸಲ ಹೋಗಿಲ್ಲ? ಆಸ್ಪತ್ರೆಗೆ, ಕೋರ್ಟಿಗೆ, ಸಂತೆಗೆ, ಪರೀಕ್ಷೆ ಬರೆಯಲಿಕ್ಕೆ. ಕೆಲಸ ಮುಗಿದರೆ ಬಸ್ಸು ಹಿಡಿದು ಊರಿಗೆ. ಶಾಲೆಯ ಟ್ರಿಪ್ಪಿನಲ್ಲಿ ಗೋಳಗುಮ್ಮಟದೊಳಗೆ ಕೂಗಿ ಬಂದದ್ದೇ ಕೊನೆ. ಮೊನ್ನೆ ಒಂದು ಭಾನುವಾರ ನಾವು ಐದು ಜನ ಬೇರೆ ಯಾವ ಕೆಲಸವೂ ಇಲ್ಲದೆ ಆ ಊರಿಗೆ ಹೋದೆವು. ಕೈಯಲ್ಲಿದ್ದದ್ದು ಮೊಬೈಲು, ಒಂದು ನೋಟ್‌ಬುಕ್ಕು ಮತ್ತು ಐದು ಪ್ರಶ್ನೆ.

ಜಿಯೋಕ್ಯಾಶಿಂಗ್ ಎಂಬ ಆಟದ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. 2000ನೇ ಇಸವಿಯ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಆ ದೇಶದ ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟಿನಲ್ಲಿ ಸಣ್ಣಪುಟ್ಟ ಸಾಮಾನು ತುಂಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆಯಬೇಕು, ಒಂದು ವಸ್ತು ತಗೊಂಡರೆ ಒಂದು ಇಡಬೇಕು. ಈಗ ಎಷ್ಟೋ ದೇಶಗಳಲ್ಲಿ ಹಳೆಯ ಊರುಗಳನ್ನು ತೋರಿಸಲಿಕ್ಕೆ ಇದೇ ಆಟವನ್ನು ಬಳಸುತ್ತಾರೆ. ಒಂದು ಕಟ್ಟಡದ ಸುಳಿವು ಮುಂದಿನ ಕಟ್ಟಡಕ್ಕೆ ಕರೆದೊಯ್ಯುತ್ತದೆ.

ಆಟ ಚಂದ. ಆದರೆ ಅದನ್ನು ಹಾಗೆಯೇ ಇಲ್ಲಿಗೆ ತರಬಾರದು ಎಂಬುದು ನಮ್ಮ ಅಭಿಪ್ರಾಯ.

ಕಾರಣ ನಿಮಗೆ ಗೊತ್ತಿರುವುದೇ. ನಮ್ಮ ಸೀಮೆಯಲ್ಲಿ ‘ನಿಧಿ’ ಎಂಬ ಮಾತು ಹಗುರಾದದ್ದಲ್ಲ. ಹಾಳು ಗುಡಿಯ ಗರ್ಭಗುಡಿಯಲ್ಲಿ ಕುಣಿ ತೋಡಿದವರು, ನಂದಿಯನ್ನು ಉರುಳಿಸಿದವರು, ಅಮವಾಸ್ಯೆ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು ವೀರಗಲ್ಲು ಕಿತ್ತವರು ಯಾವ ತಾಲ್ಲೂಕಿನಲ್ಲಿ ಇಲ್ಲ? ಬಂಗಾರ ಸಿಕ್ಕಿತೋ ಬಿಟ್ಟಿತೋ, ಕಲ್ಲಂತೂ ಹೋಯಿತು. ಇಂಥ ಕಡೆ ಹಳೆಯ ಗೋಡೆಯ ಸಂದಿಯಲ್ಲಿ ಡಬ್ಬಿ ಬಚ್ಚಿಟ್ಟು ‘ಹುಡುಕಿ’ ಎಂದರೆ, ಮಕ್ಕಳು ಡಬ್ಬಿ ಹುಡುಕುತ್ತಾರೆ, ಅವರ ಹಿಂದೆ ಬಂದವರು ಕಲ್ಲು ಕೀಳುತ್ತಾರೆ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರೂ ಬರುತ್ತಾರೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಾಗಿ ನಾವು ಡಬ್ಬಿ ಬಿಟ್ಟು ಪ್ರಶ್ನೆ ಇಟ್ಟುಕೊಂಡೆವು. ನಿಯಮ ಒಂದೇ: ಉತ್ತರ ಕಟ್ಟಡದ ಮುಂದೆ ನಿಂತು, ಕಣ್ಣಲ್ಲಿ ನೋಡಿಯೇ ಸಿಗಬೇಕು. ಏನನ್ನೂ ಮುಟ್ಟುವಂತಿಲ್ಲ.

ಮ್ಯಾಪಿನಲ್ಲಿ 16.830, 75.736 ಎಂದು ಹಾಕಿ. ಗೋಳಗುಮ್ಮಟದ ಹತ್ತಿರ ಬರುತ್ತೀರಿ. ಮೊಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಳಗೆ ಕೂಗುವ ಮೊದಲು ಹೊರಗೆ ನಿಂತು ನೋಡಿ: ನಾಲ್ಕು ಮೂಲೆಯ ಗೋಪುರಗಳಿಗೆ ಎಷ್ಟು ಅಂತಸ್ತು?

ಎರಡನೆಯದು ಬಾರಾಕಮಾನ್. ಎರಡನೇ ಅಲಿ ಆದಿಲ್ ಶಾಹ ತನಗಾಗಿ ಕಟ್ಟಿಸತೊಡಗಿ ಮುಗಿಯದೆ ಉಳಿದ ಗೋರಿ. ಇಲ್ಲಿಯ ಪ್ರಶ್ನೆ: ಮುಗಿದಿದ್ದರೆ ಚಾವಣಿ ಎಲ್ಲಿಂದ ಏಳುತ್ತಿತ್ತು? ಕಮಾನುಗಳನ್ನು ನೋಡಿ ಚಿತ್ರ ಬರೆಯಿರಿ.

ಮೂರನೆಯದು 1561ರ ಗಗನ ಮಹಲ್. ನಡುವಿನ ಕಮಾನು ಪಕ್ಕದ ಎರಡಕ್ಕಿಂತ ಎಷ್ಟು ಅಗಲ? ಹೆಜ್ಜೆ ಹಾಕಿ ಅಳೆಯಿರಿ.

ನಾಲ್ಕನೆಯದು ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ತೋಪಿನ ಮೂತಿ ಸಿಂಹದ್ದು. ಅದರ ಬಾಯಿಗೆ ಸಿಕ್ಕ ಪ್ರಾಣಿ ಯಾವುದು?

ಐದನೆಯದು ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ ಬಾವಿ. ಬಾಗಿಲ ಕಮಾನಿನ ಎರಡೂ ಕಡೆಯ ಗೋಪುರಕ್ಕೆ ಎಷ್ಟು ಮುಖ?

ಉತ್ತರ ನಾವು ಹೇಳುವುದಿಲ್ಲ. ಹೋಗಿ ನೋಡಿ.

ನಮ್ಮಲ್ಲೊಬ್ಬರು ಮೂರು ವರ್ಷ ಡಿಗ್ರಿ ಓದಿದ್ದು ಇದೇ ಊರಿನಲ್ಲಿ. ದಿನಾ ಬಾರಾಕಮಾನಿನ ಮುಂದೆ ಹಾದು ಕಾಲೇಜಿಗೆ ಹೋದವರು ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ‘ಒಳಗೆ ಏನಿದೆ ಅಂತ ಹೋಗಬೇಕು ಅನ್ನಿಸಲೇ ಇಲ್ಲ’ ಎಂದರು. ನಮ್ಮ ಜೊತೆಗಿದ್ದ ಗೆಳತಿ ಹೇಳಿದ ಮಾತು ಬೇರೆ: ‘ಒಳಗೆ ಹೋಗಬೇಕು ಅನ್ನಿಸುತ್ತಿತ್ತು. ಆದರೆ ಹಳ್ಳಿಯ ಹುಡುಗಿ ಒಬ್ಬಳೇ ಅಲ್ಲಿ ನಿಂತರೆ, ಯಾಕೆ ನಿಂತಿ ಅಂತ ಕೇಳುತ್ತಾರೆ. ಇವತ್ತು ಕೈಯಲ್ಲಿ ನೋಟ್‌ಬುಕ್ಕಿತ್ತು, ಯಾರೂ ಕೇಳಲಿಲ್ಲ.’ ಒಂದು ಪ್ರಶ್ನೆ ಕೈಯಲ್ಲಿದ್ದರೆ ನಿಲ್ಲಲಿಕ್ಕೆ ಒಂದು ನೆಪ ಸಿಗುತ್ತದೆ. ನಮ್ಮ ಮಟ್ಟಿಗೆ ಈ ಆಟದ ದೊಡ್ಡ ಲಾಭ ಇದೇ.

‘ಆಟ ಆಡಿದರೆ ಕಟ್ಟಡ ಉಳಿಯುತ್ತದೆಯೇ?’ ಎಂದು ನೀವು ಕೇಳಬಹುದು. ಆಟದಿಂದ ಕಲ್ಲಿನ ಬಿರುಕು ಮುಚ್ಚುವುದಿಲ್ಲ, ಆ ಕೆಲಸ ಪುರಾತತ್ವ ಇಲಾಖೆಯದು. ಆದರೆ ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೆತ್ತುವವನು ಆ ಗೋಡೆಯನ್ನು ಒಂದು ಸಲವೂ ಸರಿಯಾಗಿ ನೋಡಿರುವುದಿಲ್ಲ. ತೋಪಿನ ಬಾಯಲ್ಲಿ ಏನಿದೆ ಎಂದು ಐದು ನಿಮಿಷ ಬಗ್ಗಿ ನೋಡಿದ ಹುಡುಗ ಅದರ ಮೇಲೆ ಹೆಸರು ಗೀಚಲಿಕ್ಕೆ ಹಿಂಜರಿಯುತ್ತಾನೆ ಎಂಬುದು ನಮ್ಮ ನಂಬಿಕೆ.

ಇದಕ್ಕೆ ಖರ್ಚೂ ಇಲ್ಲ. ಜಿಪಿಎಸ್ ನಡೆಯುವುದು ಉಪಗ್ರಹದಿಂದ. ಮನೆಯಲ್ಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡರೆ ದಾರಿಯಲ್ಲಿ ಡೇಟಾ ಬೇಕಿಲ್ಲ. ಟಿಕೆಟ್ ಇರುವ ಕೇಂದ್ರದ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬಿಸಿಲು ಏರುವ ಮೊದಲು ಹೊರಡಿ, ನೀರಿನ ಬಾಟಲಿ ಇರಲಿ. ಬಾವಡಿಯ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಶಿಕ್ಷಕರಲ್ಲಿ ಒಂದು ಮಾತು. ಗುಮ್ಮಟ ಇರುವ ಊರೇ ಆಗಬೇಕೆಂದಿಲ್ಲ. ನಿಮ್ಮೂರಿನ ಅಗಸಿ, ಹಾಳು ವಾಡೆ, ಹಳೆಯ ಬಾವಿ, ಹನುಮಪ್ಪನ ಗುಡಿಯ ಮುಂದಿನ ವೀರಗಲ್ಲು ಸಾಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ಅವನೇ. ‘ನಮ್ಮೂರಿನ ವೀರನ ಕೈಯಲ್ಲಿ ಯಾವ ಆಯುಧ?’ ಎಂಬ ಒಂದು ಪ್ರಶ್ನೆ ಸಾಕು, ಇಡೀ ತರಗತಿ ಓಡಿ ಹೋಗಿ ನೋಡುತ್ತದೆ. ಪ್ರಶ್ನೆ ತಯಾರಿಸುವ ಕೆಲಸವನ್ನೂ ಮಕ್ಕಳಿಗೇ ಬಿಡಿ. ಅಜ್ಜ ಅಜ್ಜಿಯರನ್ನು ಕೇಳಿ ಬರುತ್ತಾರೆ.

ಆ ಕಲ್ಲಿನ ಮೇಲೆ ಏನಿದೆ ಎಂದು ಊರಿನ ಐವತ್ತು ಮಕ್ಕಳಿಗೆ ಗೊತ್ತಿದ್ದರೆ, ರಾತ್ರಿ ಅದು ಜಾಗ ಬಿಟ್ಟು ಕದಲಿದ್ದು ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಿಧಿಗಳ್ಳರಿಗೆ ಇದಕ್ಕಿಂತ ಒಳ್ಳೆಯ ಕಾವಲು ನಮಗೆ ಕಾಣುವುದಿಲ್ಲ.