ಕ್ಲಿನಿಕ್ ನಡೆಯದವರು ಡೆಂಟಲ್ ಕಾಲೇಜಿಗೆ ಸೇರುತ್ತಾರೆಯೇ? ಪಾಠ ಮಾಡುವ ದಂತವೈದ್ಯರು ಕೆಲಸ ಬಿಡುವುದೇಕೆ?

"ಡೆಂಟಲ್ ಕಾಲೇಜಿನಲ್ಲಿ ಹಲ್ಲು ತೋರಿಸಬೇಡಿ, ಅಲ್ಲಿ ಕಲಿಯೋ ಹುಡುಗರು ಪ್ರಯೋಗ ಮಾಡ್ತಾರೆ, ಕ್ಲಿನಿಕ್ ನಡೆಸಲು ಆಗದವರು ಪಾಠ ಮಾಡ್ತಾರೆ." ಈ ಅರ್ಥದ ಮಾತುಗಳನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ತಪ್ಪು ತಿಳಿವಳಿಕೆ, ಇನ್ನರ್ಧ ಬೇರೆಯದೇ ಸಮಸ್ಯೆ.

ಮೊದಲು ಚಿಕಿತ್ಸೆಯ ವಿಷಯ. ವಿದ್ಯಾರ್ಥಿ ರೂಟ್ ಕೆನಾಲ್ ಮಾಡುವಾಗ ಹಲ್ಲು ಕೊರೆಯುವ ಮುನ್ನ, ಬೇರಿನ ಉದ್ದ ಅಳೆಯಲು ಎಕ್ಸ್-ರೇ ತೆಗೆದಾಗ, ಕೊನೆಗೆ ತುಂಬುವಾಗ, ಹೀಗೆ ಹಂತ ಹಂತದಲ್ಲೂ ಅಧ್ಯಾಪಕರಿಗೆ ತೋರಿಸಬೇಕು. ಅದಕ್ಕೇ ಕಾಲೇಜಿನಲ್ಲಿ ಕಾಯುವುದು ಜಾಸ್ತಿ. ಅಂದರೆ ನಿಮ್ಮ ಹಲ್ಲಿನ ಸುರಕ್ಷತೆ ನಿಂತಿರುವುದು ಆ ಅಧ್ಯಾಪಕರು ಎಷ್ಟು ಅನುಭವಿ, ಒಬ್ಬರ ಕೈಕೆಳಗೆ ಎಷ್ಟು ಕುರ್ಚಿಗಳಿವೆ ಎಂಬುದರ ಮೇಲೆ.

ಇನ್ನು ಅವರು 'ಕ್ಲಿನಿಕ್ ನಡೆಯದವರು' ಎಂಬ ಮಾತು. ಬಿಡಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5 ವರ್ಷ, ಎಂಡಿಎಸ್‌ಗೆ ಮತ್ತೆ 3 ವರ್ಷ. ಇಷ್ಟು ಓದಿದವರಲ್ಲಿ ಹಲವರು ಹಗಲು ಕಾಲೇಜು, ಸಂಜೆ ಕ್ಲಿನಿಕ್ ಎಂದು ಎರಡೂ ನಡೆಸುತ್ತಾರೆ. ಇದು ಸೋಮಾರಿಗಳ ದಿನಚರಿಯಲ್ಲ.

ಹಾಗಾದರೆ ಬಿಡುವುದೇಕೆ? ಸಂಬಳ ಎನ್ನುವುದು ಸುಲಭದ ಉತ್ತರ, ಸುಳ್ಳೂ ಅಲ್ಲ. ಅಮೆರಿಕದಲ್ಲೂ ಇದೇ ಕಥೆ: ಓದಿನ ಸಾಲ ಹೊತ್ತು ಹೊರಬಂದವರಿಗೆ ಖಾಸಗಿ ಪ್ರಾಕ್ಟೀಸ್ ಕೊಡುವಷ್ಟು ಹಣವನ್ನು ಬೋಧನೆ ಕೊಡುವುದಿಲ್ಲ. ಆದರೆ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಒಂದು ಸೂಕ್ಷ್ಮ ಹೇಳಿದ್ದರು. ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ ಅವರು ಕಂಡುಕೊಂಡದ್ದು: ಸಂಬಳ, ನಿಯಮ, ಮೇಲಧಿಕಾರಿಯ ವರ್ತನೆ ಕೆಟ್ಟಿದ್ದರೆ ಜನ ಬೇಸರಗೊಳ್ಳುತ್ತಾರೆ, ಅವು ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬರುವುದಿಲ್ಲ. ತೃಪ್ತಿ ಕೊಡುವುದು ಕೆಲಸ, ಸಾಧನೆ, ಮನ್ನಣೆ. ಈ ಸಿದ್ಧಾಂತಕ್ಕೆ ಟೀಕೆಗಳೂ ಇವೆ. ಆದರೂ ಡೆಂಟಲ್ ಕಾಲೇಜಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ವಿದ್ಯಾರ್ಥಿ ಕೈ ನಡುಗದೆ ಮೊದಲ ಹಲ್ಲು ಕಿತ್ತಾಗ ಸಿಗುವ ಖುಷಿ ಕ್ಲಿನಿಕ್‌ನಲ್ಲಿ ಸಿಗದು. ಆದರೆ ತಪಾಸಣೆಯ ಕಡತ, ಬಡ್ತಿಗಾಗಿ ಎಣಿಸಿ ಬರೆಯುವ ಸಂಶೋಧನಾ ಲೇಖನ, ಹಾಜರಾತಿ ಲೆಕ್ಕ ಆ ಖುಷಿಯ ಸಮಯವನ್ನೇ ತಿಂದುಹಾಕುತ್ತವೆ. ನನ್ನ ಪ್ರಕಾರ ಹೆಚ್ಚು ನೋಯಿಸುವುದು ಇದೇ.

ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಹೆಚ್ಚಿನವು ಖಾಸಗಿ. ಕರ್ನಾಟಕ ಅತಿ ಹೆಚ್ಚು ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದು. ವರ್ಷವರ್ಷವೂ ಎಂಡಿಎಸ್ ಮುಗಿಸಿದವರು ಬರುತ್ತಲೇ ಇರುವುದರಿಂದ ಒಬ್ಬರು ಹೋದರೆ ಇನ್ನೊಬ್ಬರು ಸಿಗುತ್ತಾರೆ ಎಂಬ ಧೈರ್ಯ ಆಡಳಿತ ಮಂಡಳಿಗಳಿಗೆ. ಲೆಕ್ಚರರ್ ಸಿಗಬಹುದು, 15 ವರ್ಷ ಅನುಭವದ ಪ್ರೊಫೆಸರ್ ಹಾಗೆ ಸಿಗುವುದಿಲ್ಲ. 1948ರ ದಂತವೈದ್ಯರ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಅಂಗೀಕರಿಸಿತು. ಗುಣಮಟ್ಟದ ಬಗ್ಗೆ ಅದರಲ್ಲಿ ಮಾತಿದೆ. ಆದರೆ ಅಧ್ಯಾಪಕರ ತಲೆ ಎಣಿಸುವುದು ಸುಲಭ, ಅವರನ್ನು ಉಳಿಸಿಕೊಳ್ಳುವುದು ಕಷ್ಟ.

ರೋಗಿಗೆ ಇದರ ಬಿಸಿ ನೇರವಾಗಿ ತಟ್ಟುವುದು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಾಗ. ಆ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ ನಡೆಯುತ್ತದೆ. ನಡುವೆ ಅಧ್ಯಾಪಕರು ಬಿಟ್ಟರೆ ಹೊಸಬರು ಹಳೆಯ ಯೋಜನೆಯನ್ನು ಮತ್ತೆ ಅರ್ಥ ಮಾಡಿಕೊಳ್ಳಬೇಕು. ಆದ್ದರಿಂದ ಕಾಲೇಜಿನಲ್ಲಿ ಚಿಕಿತ್ಸೆ ಪಡೆಯುವವರು ಒಪಿ ನಂಬರ್, ಎಕ್ಸ್-ರೇ, ಬಿಲ್ ಜೋಪಾನವಾಗಿಡಿ. ಮೇಲ್ವಿಚಾರಣೆ ಮಾಡುವ ಅಧ್ಯಾಪಕರ ಹೆಸರನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳಿ.